ಬೇಳೆ ಕಾಣುವಷ್ಟು ಬೆಳಕು

"ಹಿಂದಿ ಸರ್ ಹೋಗಿಬಿಟ್ರಂತ್ರಿ ಮೇಡಂ" ಎಂದು ಚಿತ್ತಾಪುರದಿಂದ ಫೋನ್ ಬಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರು ಹೇಳಿದ್ರು? ಅವರೇ ಹೇಳಿದ್ರೇನು?" ಫೋನ್ ಮಾಡಿದವರು ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಅಳುತ್ತಿದ್ದ ಮನುಷ್ಯ ಮೂಗು ಸೀಟಿಕೊಂಡ ಸದ್ದು ಕೇಳಿತು. ಆಮೇಲೆ, "ಇಲ್ರಿ, ಈ ಸಲ ಖರೇ ಅದ. ನಾನೇ ಹೋಗಿ ನೋಡಿ ಬಂದೀನಿ" ಎಂದರು. ಸತ್ತ ಸುದ್ದಿಗೂ ಸಾಕ್ಷಿ ಬೇಕಾಗುವಷ್ಟು ಸುಳ್ಳುಗಳನ್ನು ಒಬ್ಬ ಮನುಷ್ಯ ನೌಕರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರೆ ಅದು ನನ್ನ ತಪ್ಪಲ್ಲ. ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತೆ. ಅಳುವಾಗಲೂ ನಡುನಡುವೆ ನಗು ಬಂತು.

ಸಂಜೆಯ ಹೊತ್ತಿಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶಗಳು ಸುರಿಯತೊಡಗಿದವು. "ಸರಳ ಜೀವಿ, ಸಜ್ಜನ, ಮಿತಭಾಷಿ" ಎಂದು ಒಬ್ಬರು ಬರೆದದ್ದನ್ನೇ ಉಳಿದವರೆಲ್ಲ ಕೈಮುಗಿದ ಚಿತ್ರ ಹಾಕಿ ಮುಂದಕ್ಕೆ ದಾಟಿಸಿದರು. ಮಿತಭಾಷಿಯಂತೆ! ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಒಂದು ಪಾಠಯೋಜನೆಯನ್ನು ನೆಟ್ಟಗೆ ಬರೆಯಲು ಬಿಟ್ಟವರಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಆದರೆ ಬೇರೆ ಯಾರದೋ ಒಳ್ಳೆಯ ಗುಣ ತಂದು ಇವರಿಗೆ ತೊಡಿಸಿದರೆ ನನಗೆ ಸಿಟ್ಟು ಬರುತ್ತದೆ. ಅವರದೇ ಬೇಕಾದಷ್ಟಿತ್ತು, ಅದನ್ನು ಬರೆದರಾಯಿತು.

ಆಳು ಕುಳ್ಳಗೆ, ಹೊಟ್ಟೆ ಸ್ವಲ್ಪ ಮುಂದೆ, ತಲೆಗೆ ಎಣ್ಣೆ ಹೆಚ್ಚು. ಸೊಂಟದ ಬೆಲ್ಟಿಗೆ ಒಂದು ದೊಡ್ಡ ಕೀಚೈನ್. ಅದರ ಸದ್ದು ವರಾಂಡದಲ್ಲಿ ಕೇಳಿತೆಂದರೆ ಒಂಬತ್ತನೇ ತರಗತಿ ತಾನಾಗಿ ಮೌನವಾಗುತ್ತಿತ್ತು. ಹೊಸಬರು ಅವರನ್ನು ಯಾವುದೋ ಖಜಾನೆ ಕಾಯುವವರೆಂದು ತಿಳಿಯುತ್ತಿದ್ದರು. ಅದರಲ್ಲಿ ಕೀಲಿಕೈ ಇದ್ದದ್ದು ಮನೆಯದೊಂದು, ಸೈಕಲ್ಲಿನದೊಂದು. ಉಳಿದದ್ದೆಲ್ಲ ಬ್ಯಾಟರಿ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೇಳುವುದು, ಅದರೊಳಗೆ ಹಾಕುವುದಕ್ಕೆ ಸೆಲ್ಲು. ಹೆಬ್ಬೆರಳಿನಷ್ಟು, ಹುಣಸೆಬೀಜದಷ್ಟು, ಮೀನಿನಾಕಾರದ್ದು, ಬೂಟಿನಾಕಾರದ್ದು, ಎಲ್ಲವೂ ಒತ್ತಿದರೆ ಮಿಣಕ್ಕೆನ್ನುವಂಥವು. ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ, ಹೈದರಾಬಾದ್ ಬಸ್ಸಿನ ಕಿಟಕಿಯಲ್ಲಿ, ಸೇಡಂ ಸಂತೆಯಲ್ಲಿ, ಎಲ್ಲಿ ಕಂಡರೂ ಒಂದನ್ನು ಕೊಂಡೇ ಬರುತ್ತಿದ್ದರು.

ಕೊಂಡು ತಂದು ಸುಮ್ಮನಿದ್ದರೆ ನನ್ನ ತಕರಾರಿರಲಿಲ್ಲ. ಹೊಸ ಬ್ಯಾಟರಿ ಬಂತೆಂದರೆ ಪರೀಕ್ಷೆ ನಡೆಯಲೇಬೇಕು. ಬೆಳಿಗ್ಗೆ ಬಂದವರೇ ಅದನ್ನು ಹೊತ್ತಿಸಿ, ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ನನ್ನ ವಿಜ್ಞಾನದ ಪುಸ್ತಕಗಳ ಪಕ್ಕದಲ್ಲೇ ಇಡುವುದು. ಪ್ರತಿ ಪಿರಿಯಡ್ ಮುಗಿದ ಮೇಲೆ ಬಂದು ಅದನ್ನು ಮುಷ್ಟಿಯಲ್ಲಿ ಹಿಡಿದು, ಮುಷ್ಟಿಯ ಸಂದಿಗೆ ಒಂದು ಕಣ್ಣಿಟ್ಟು ಇನ್ನೊಂದನ್ನು ಕಿವುಚಿ ನೋಡುವುದು. ಅವರ ಲೆಕ್ಕ ಗಂಟೆಯದಲ್ಲ, ರೈಲಿನದು. ವಾಡಿಯಿಂದ ಮುಂಬೈಗೆ ಹೋಗುವ ಗಾಡಿ ಬಿಡುವ ಹೊತ್ತಿಗೆ ಬ್ಯಾಟರಿ ಹೊತ್ತಿಸಬೇಕು. ಆ ಗಾಡಿ ಎಲ್ಲಿ ತಲುಪಿದಾಗ ಬ್ಯಾಟರಿ ನಂದುತ್ತದೋ ಅದೇ ಅದರ ಆಯುಷ್ಯ. "ಇದು ಶಹಾಬಾದಕ್ಕೇ ಇಳೀತು ನೋಡ್ರಿ ಮೇಡಂ. ಟಿಕೆಟ್ ದಂಡ." "ಇದು ಸೊಲ್ಲಾಪುರ ದಾಟ್ಯಾದ, ಖಾನದಾನಿ ಅದ." ಒಂದು ಬಿಳಿ ಬ್ಯಾಟರಿಯಂತೂ ಮುಂಬೈಗೆ ಹೋಗಿ, ಚಹಾ ಕುಡಿದು, ಹೊಳ್ಳಿ ಕಲಬುರಗಿಗೆ ಬಂದಿತೆಂದು ಇಡೀ ಸ್ಟಾಫಿಗೆ ಪೇಡೆ ಹಂಚಿದರು. ನಾನೂ ತಿಂದೆ.

ಝಗ್ಗನೆ ಬೆಳಗುವ ದೊಡ್ಡ ಬ್ಯಾಟರಿಗಳನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. "ಭಾಳ ಬೆಳಕು ಮಾಡೋವು ಭಾಳ ಮಾತಾಡೋರಿದ್ದಂಗ. ಜಲ್ದಿ ಖತಂ" ಎನ್ನುವರು.

"ಹಂಗಿದ್ರ ನೀವು ಇಷ್ಟೊತ್ತಿಗೆ ಖತಂ ಆಗಬೇಕಿತ್ತಲ್ಲ ಸರ್" ಎಂದು ನಾನು.

"ನಾ ಮಾತಾಡೋದು ನಿಮಗ ಕೇಳಸ್ತದಷ್ಟೇ ಮೇಡಂ. ಒಳಗ ಸೆಲ್ ಖರ್ಚಾಗಂಗಿಲ್ಲ."

ಮಾತಿಗೆ ಸೋಲುವ ಗಿರಾಕಿಯಲ್ಲ. ಬಾಯಿಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗರ ಬಾಯಿ ತೆರೆಸಿ ಕೀಚೈನಿನಿಂದ ಬೆಳಕು ಬಿಟ್ಟು, "ಹಿಂದಿ ಒಳಗದ, ಹೊರಗ ಬರವಲ್ದು" ಎಂದು ಪೂರ್ತಿ ಅಂಕ ಕೊಟ್ಟು ಕಳಿಸುವರು. ಡ್ರಾಯಿಂಗ್ ಮಾಸ್ತರರಿಗೆ ಕುಂಚಾವರಂಗೆ ವರ್ಗವಾಗಿದೆ ಎಂದು ಒಮ್ಮೆ ಎಷ್ಟು ಮುಖ ಸಣ್ಣ ಮಾಡಿ ಹೇಳಿದರೆಂದರೆ, ಆ ಬಡಪಾಯಿ ಕಾಡಿನಂಚಿನ ಊರೆಂದು ಕಂಬಳಿ, ಸೊಳ್ಳೆಪರದೆ ಎಲ್ಲ ಕೊಂಡು ತಂದು, ನಮಗೆಲ್ಲ ಬೀಳ್ಕೊಡುಗೆಯ ಮಿರ್ಚಿಭಜಿ ತಿನ್ನಿಸಿದರು. ಸುಳ್ಳೆಂದು ಗೊತ್ತಾಗಿ ಅವರು ಜಗಳಕ್ಕೆ ಬಂದಾಗ ಸರ್, "ಅಲ್ರೀ, ಹೋಗೋದು ತಪ್ಪಿದ್ದಕ್ಕ ಖುಷಿ ಆಗಿಲ್ಲೇನು? ಆ ಖುಷಿ ನಿಮಗ ಯಾರು ಕೊಟ್ರು?" ಎಂದರು. ಜಗಳಕ್ಕೆ ಬಂದವರು ಧನ್ಯವಾದ ಹೇಳಿ ಹೋದರು. ಇಂಥವರನ್ನು ಸಜ್ಜನ ಅನ್ನಬೇಕಂತೆ.

ಮುಂದೆ ಚುನಾವಣಾ ಕೆಲಸಕ್ಕೆ ನಾನೂ ಸರ್ ಅವರೂ ಅದೇ ಕುಂಚಾವರಂ ಕಡೆಯ ಒಂದು ಹಳ್ಳಿಗೆ ಹೋದೆವು. ಸಂಜೆ ಕರೆಂಟ್ ಹೋಯಿತು. ದಿನವಿಡೀ ಮೊಬೈಲ್ ನೋಡಿದವರ ಮೊಬೈಲುಗಳೆಲ್ಲ ಸತ್ತಿದ್ದವು. ಸರ್ ಒಂದು ಚಿಕ್ಕ ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು, ಅದರ ಬೆಳಕಿನಲ್ಲಿ ನಾವು ಲಕೋಟೆಗಳಿಗೆ ಅರಗು ಹಾಕಿದೆವು. ಬ್ಯಾಟರಿ ಬಾಯಲ್ಲಿದ್ದಷ್ಟು ಹೊತ್ತು ಅವರು ಮಾತಾಡಲಿಲ್ಲ, ಅದು ನನಗೆ ಬೆಳಕಿಗಿಂತ ಹೆಚ್ಚಿನ ಲಾಭ. ಮತಗಟ್ಟೆಯಿದ್ದ ಆ ಹಳ್ಳಿಯ ಶಾಲೆಗೆ ನೀರು ತಂದುಕೊಡುತ್ತಿದ್ದ ತೆಲುಗು ಮಾತಿನ ಮುದುಕಿಯೊಬ್ಬಳು ಅದನ್ನು ಮುಟ್ಟಿ ನೋಡಿ, ಎಷ್ಟು ಹೊತ್ತು ಉರಿಯುತ್ತದೆಂದು ಕೇಳಿದಳು. ಅವಳಿಗೆ ರೈಲಿನ ಲೆಕ್ಕ ಹೇಳಿದರೆ ತಿಳಿಯದೆಂದು ಸರ್, "ನುವ್ವು ಉನ್ನಂತ ಸೇಪು" ಎಂದರು, ನೀನಿರುವಷ್ಟು ಹೊತ್ತು ಎಂದು. ಮುದುಕಿ ಬಿದ್ದು ಬಿದ್ದು ನಕ್ಕು ಬ್ಯಾಟರಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ನಡೆದಳು.

ಅವರ ಹುಚ್ಚಿನೊಳಗೆ ಒಂದು ನ್ಯಾಯವಾದ ಪ್ರಶ್ನೆ ಇತ್ತು, ಅದನ್ನೂ ಹೇಳಬೇಕು. ಪಾಕೀಟಿನ ಮೇಲೆ ನೂರು ಗಂಟೆ ಉರಿಯುತ್ತದೆ ಎಂದು ಬರೆದಿರುತ್ತದೆ. ನೂರನೇ ಗಂಟೆಯಲ್ಲಿ ಆ ಬೆಳಕಿಗೆ ಏನು ಕಾಣುತ್ತದೆ ಎಂದು ಬರೆದಿರುವುದಿಲ್ಲ. ಕೆಲವು ಬ್ಯಾಟರಿ ಒಂದೇ ಸಮ ಬೆಳಗಿ ಥಟ್ಟನೆ ಆರುತ್ತವೆ. ಕೆಲವು ತಾಸು ತಾಸಿಗೆ ಕುಗ್ಗುತ್ತ ಕುಗ್ಗುತ್ತ ಸಾಯಲೊಲ್ಲದೆ ಎಳೆಯುತ್ತವೆ. ಹಾಗಾದರೆ ಸತ್ತಿತು ಎನ್ನುವುದು ಯಾವಾಗ? ಸರ್ ಅದಕ್ಕೊಂದು ಅಳತೆ ಕಂಡುಕೊಂಡಿದ್ದರು. ತೊಗರಿಬೇಳೆ, ಕಡಲೆಬೇಳೆ ಒಂದು ಹಿಡಿ ಕಲಸಿಡುವುದು. ಆ ಬೆಳಕಿನಲ್ಲಿ ಎರಡನ್ನೂ ಬೇರೆ ಮಾಡಲು ಬಂದರೆ ಬ್ಯಾಟರಿಗೆ ಜೀವ ಇದೆ, ಬಾರದಿದ್ದರೆ ಇಲ್ಲ. ಇದು ಅವರ ಹೆಂಡತಿ ಕಲಿಸಿದ ಅಳತೆ. "ಬೆಳಕು ಎದಕ ಬೇಕ್ರಿ? ಬ್ಯಾಳಿ ಆರಿಸ್ಲಿಕ್ಕ" ಎನ್ನುತ್ತಿದ್ದರಂತೆ ಆಕೆ, ಕರೆಂಟ್ ಹೋದಾಗ ಮೊರದ ಮುಂದೆ ಕೂತು.

ಆಕೆ ತೀರಿಹೋದ ಎರಡನೆಯ ವರ್ಷ ಸರ್ ಅವರ ಮಗಳು ಬಾಣಂತನಕ್ಕೆ ತವರಿಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಗಂಡನ ಮನೆ ಶಹಾಬಾದ್. ಬೀಗರು, ಅಂದರೆ ಮಗಳ ಮಾವ, ಗೂಡ್ಸ್ ಗಾಡಿಯ ಗಾರ್ಡ್ ಆಗಿ ವಾಡಿಯಲ್ಲಿ ನಿವೃತ್ತರಾದವರು. ಎತ್ತರದ ಆಳು, ಪೊದೆ ಮೀಸೆ, ಇಸ್ತ್ರಿ ಮಾಡಿದ ಅಂಗಿ. "ಆ ತುದಿಗಿರೋ ಸಿಗ್ನಲ್ ಈ ತುದಿಯಿಂದ ಓದಿದ ಕಣ್ಣಿವು" ಎಂದು ಸಿಕ್ಕವರಿಗೆಲ್ಲ ಹೇಳುವವರು. ಈಚೆಗೆ ಅವರು ಸ್ಕೂಟರ್ ಒಯ್ದು ಹಾಸುಗಲ್ಲಿನ ರಾಶಿಗೆ ಗುದ್ದಿ, ಕಲ್ಲು ಇಟ್ಟವರನ್ನು ಬೈದು ಬಂದಿದ್ದರು. ಹೀಗೆ ಇನ್ನೊಂದು ಸಲ ಆದರೆ ಸ್ಕೂಟರಿನ ಕೀಲಿ ಕಸಿದುಕೊಳ್ಳುತ್ತೇನೆಂದು ಅವರ ಮಗ ಹೇಳಿದ್ದ.

ಕೂಸಿನ ಹೆಸರಿಗೆ ಬೀಗರಿಬ್ಬರೂ ಹಟಕ್ಕೆ ಬಿದ್ದರು. ಹೆಸರಿಡುವ ಹಕ್ಕು ಗಂಡಿನ ಮನೆಯವರದು, ಅದರಲ್ಲಿ ಎರಡು ಮಾತಿಲ್ಲ. ಬೀಗರಿಗೆ ತಮ್ಮ ತಾಯಿಯ ಹೆಸರು ಬೇಕು, ಮಲ್ಕಮ್ಮ. ಸರ್ ಅವರಿಗೆ ತಮ್ಮ ಹೆಂಡತಿಯ ಹೆಸರು ಬೇಕು, ಕಮಲಾಬಾಯಿ. ಹೆತ್ತವಳಿಗೆ ಎರಡೂ ಬೇಡ, ಆದರೆ ಅವಳನ್ನು ಕೇಳಿದವರು ಯಾರು? ಎರಡು ಹೆಸರೂ ಇಡಿ ಎಂದು ನಾನು ಬುದ್ಧಿ ಹೇಳಲು ಹೋದೆ. "ಎರಡು ಇಂಜಿನ್ ಎರಡು ಕಡೆ ಜಗ್ಗಿದ್ರ ಗಾಡಿ ಎಲ್ಲಿಗಿ ಹೋಗಬೇಕ್ರಿ?" ಎಂದು ಬೀಗರು ನನ್ನನ್ನೇ ಕೇಳಿದರು.

ಹಕ್ಕಿಲ್ಲದ ಕಡೆ ಹೇಗೆ ನುಗ್ಗಬೇಕೆಂದು ಸರ್ ಅವರಿಗೆ ಗೊತ್ತಿತ್ತು. ಒಂದು ದಿನ ಚಹಾ ಕುಡಿಯುವಾಗ ಬೀಗರು ಕೀಚೈನ್ ನೋಡಿ, "ಇವು ಬ್ಯಾಟ್ರಿ ಅಲ್ರಿ, ಆಟಿಗಿ ಸಾಮಾನ. ನಮ್ಮ ಹುಡುಗ ಹೈದರಾಬಾದಲಿಂದ ಒಂದು ತಂದಾನ, ಅದರ ಮುಂದ ಇವೆಲ್ಲ ಒಂದು ರಾತ್ರಿನೂ ಬಾಳಂಗಿಲ್ಲ" ಎಂದರು. ಸರ್ ಆ ಮಾತಿಗೇ ಕಾದವರಂತೆ, "ಹಚ್ಚೋಣೇನ್ರಿ ಪಂದ್ಯ? ಯಾರ ಬ್ಯಾಟ್ರಿ ಕಡೀತನ ಉಳೀತದೋ ಅವರು ಹೇಳಿದ ಹೆಸರು" ಎಂದರು. ಗಾರ್ಡ್ ಆಗಿದ್ದವರು ಬ್ಯಾಟರಿಯ ಪಂದ್ಯಕ್ಕೆ ಹಿಂದೆ ಸರಿಯುವುದುಂಟೇ? ಕೈಗೆ ಕೈ ಹಾಕಿದರು. ವಿಜ್ಞಾನದವರು ಅಂತ ನನ್ನನ್ನು ಪಂಚರನ್ನಾಗಿ ಮಾಡಿದರು, ನನ್ನನ್ನೂ ಕೇಳಲಿಲ್ಲ.

ಪಂದ್ಯಕ್ಕೆಂದು ಪ್ರಯೋಗಾಲಯದ ಕಪಾಟನ್ನು ಖಾಲಿ ಮಾಡಿಸುವಾಗ ನಾನು ರೇಗಿಯೇ ಕೇಳಿದೆ, "ಒಂದು ಹೆಸರಿಗಿ ಇಷ್ಟೊಂದು ಹಟ ಯಾಕ ಸರ್? ಮನ್ಯಾಗ ನೀವು ಏನಂತ ಬೇಕೋ ಹಂಗ ಕರಕೋರಿ, ಯಾರು ಬ್ಯಾಡಂತಾರ?"

ಅವರು ಕಪಾಟಿನೊಳಗೆ ತಲೆ ಹಾಕಿ ಧೂಳು ಒರೆಸುತ್ತಿದ್ದರು. ಅಲ್ಲಿಂದಲೇ ಹೇಳಿದರು. "ನಮ್ಮ ಮನ್ಯಾಗ ಗಂಡ ಹೆಣ್ತಿ ಹೆಸರು ಹಿಡದು ಕರಿಯೋ ರಿವಾಜ್ ಇರಲಿಲ್ರಿ. ನಾ ಆಕಿಗಿ 'ಕೇಳಿದೇನ' ಅಂತಿದ್ದೆ. ಆಕಿ ನನಗ 'ಇಲ್ಲಿ ನೋಡ್ರಿ' ಅಂತಿದ್ದಳು. ಅಷ್ಟರಾಗೇ ಸಂಸಾರ ಮುಗೀತು. ದವಾಖಾನ್ಯಾಗ ಕಡೀ ದಿನಾನೂ ನಾ 'ಕೇಳಿದೇನ, ಕೇಳಿದೇನ' ಅಂತನೇ ಕರದೆ. ಈಗ ಹೆಸರು ಹಿಡದು ಕರೀಬೇಕು ಅನಸ್ತದ. ಖಾಲಿ ಮನ್ಯಾಗ ಕರದ್ರ ಮಂದಿ ಹುಚ್ಚ ಅಂತಾರ. ಕೂಸಿಗಿ ಆ ಹೆಸರಿದ್ರ ಬಾಯಿ ತುಂಬ ಕರೀಬಹುದು, ಯಾರೂ ಏನೂ ಅನ್ನಂಗಿಲ್ಲ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಕಪಾಟಿನಿಂದ ತಲೆ ಹೊರಗೆ ತೆಗೆದ ಮನುಷ್ಯ ನನ್ನ ಮುಖ ನೋಡಿ, "ಪಂಚರು ಅಳಬಾರದು, ಬೀಗರು ನಂಬಂಗಿಲ್ಲ" ಎಂದು ಕಣ್ಣು ಮಿಟುಕಿಸಿದರು. ಆ ಕ್ಷಣವೇ ಅವರ ಮೇಲೆ ಮತ್ತೆ ಸಿಟ್ಟು ಬಂತು.

ಶನಿವಾರ ಶಾಲೆ ಬಿಟ್ಟ ಮೇಲೆ ಪಂದ್ಯ ಶುರುವಾಯಿತು. ಸರ್ ಅವರದು ವಾಡಿ ಸ್ಟೇಷನ್ನಿನಲ್ಲಿ ಕೊಂಡ, ಗಡಿಯಾರಕ್ಕೆ ಹಾಕುವಂಥ ಬಿಲ್ಲೆಸೆಲ್ಲಿನ ಬ್ಯಾಟರಿ. ಬೀಗರದು ಬೆರಳುಗಾತ್ರದ ಲೋಹದ್ದು, ಸಣ್ಣ ಬೆಳಕಿಗೆ ತಿರುಗಿಸಿ ಇಟ್ಟದ್ದು. ಹೊಸ ಸೆಲ್ಲುಗಳನ್ನು ನನ್ನೆದುರೇ ಪಾಕೀಟು ಹರಿದು ಹಾಕಿಸಿದೆ. ಬೇಳೆಯನ್ನು ಸೇಡಂನ ನನ್ನ ಮನೆಯ ಡಬ್ಬಿಯಿಂದ ನಾನೇ ತಂದು ಕಲಸಿದೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಎರಡು ತಟ್ಟೆ, ಒಂದೊಂದು ತಟ್ಟೆಯ ಮೇಲೆ ಒಂದೊಂದು ಬ್ಯಾಟರಿ, ನಡುವೆ ರಟ್ಟಿನ ಗೋಡೆ. ಒಬ್ಬರ ಬೆಳಕಿನಲ್ಲಿ ಇನ್ನೊಬ್ಬರು ಬೇಳೆ ಆರಿಸಬೇಕು, ಎದುರಾಳಿಯಾದರೆ ರಿಯಾಯಿತಿ ತೋರಿಸುವುದಿಲ್ಲ ಎಂದು. ಹೊರಗಿನ ಬೆಳಕು ಬೀಳದಂತೆ ಆರಿಸುವವರ ತಲೆಯ ಮೇಲೆ ಕಪ್ಪು ಬಟ್ಟೆ. ವಯಸ್ಸಾದ ಇಬ್ಬರು ಗಂಡಸರು ಸರದಿಯಂತೆ ಮೊಣಕಾಲೂರಿ ಕಪಾಟಿನೊಳಗೆ ತಲೆ ತುರುಕುವುದನ್ನು ನೋಡಲು ಹೆಡ್‌ಮಾಸ್ತರರೂ ಬಂದು ನಿಂತರು.

ಭಾನುವಾರವೂ ನಾನು ಸೇಡಂನಿಂದ ರೈಲು ಹತ್ತಿ ಬರಬೇಕಾಯಿತು, ಕಪಾಟಿನ ಕೀಲಿ ನನ್ನ ಹತ್ತಿರವಿತ್ತಲ್ಲ. ಎರಡೂ ಬ್ಯಾಟರಿ ಉರಿಯುತ್ತಿದ್ದವು. ಸರ್ ಅವರದು ಕುಗ್ಗಿತ್ತು, ಆದರೆ ಬೇಳೆ ಕಾಣುತ್ತಿತ್ತು. ಬೀಗರು ಆರಿಸುವಾಗ ನಾನು ಬಗ್ಗಿ ನೋಡಿದೆ. ಅವರು ಒಂದೊಂದು ಬೇಳೆಯನ್ನೂ ಬೆರಳಲ್ಲಿ ಹೊರಳಿಸಿ ಹೊರಳಿಸಿ ಹಾಕುತ್ತಿದ್ದರು. ಕಡಲೆಬೇಳೆ ದಪ್ಪ, ಕೈಗೇ ಗೊತ್ತಾಗುತ್ತದೆ. ಇದು ಮೋಸ ಎನ್ನಿಸಿತು ನನಗೆ. ನಾಳೆಯಿಂದ ಚಿಮಟದಲ್ಲಿ ಎತ್ತಬೇಕು, ಕೈ ಮುಟ್ಟಿಸುವಂತಿಲ್ಲ ಎಂದು ಅಪ್ಪಣೆ ಮಾಡಿದೆ. ಬೀಗರು ಮೀಸೆ ತಿರುವಿ, "ಛಲೋ ಆಯ್ತು" ಎಂದರು. ಎಂದ ದನಿ ಸ್ವಲ್ಪ ಸಣ್ಣಗಿತ್ತು.

ಸೋಮವಾರ ಶಾಲೆ ಬಿಟ್ಟ ಮೇಲೆ ಎಲ್ಲರೂ ಸೇರಿದರು. ತಂದೆಯನ್ನು ಮೋಟರ್‌ಸೈಕಲ್ ಮೇಲೆ ಕರೆತಂದ ಬೀಗರ ಮಗ, ಅಂದರೆ ಸರ್ ಅವರ ಅಳಿಯನೂ ಇದ್ದ. ಬೀಗರು ಚಿಮಟ ಹಿಡಿದು ಬಟ್ಟೆಯೊಳಗೆ ಹೋದರು. ಬಹಳ ಹೊತ್ತಾದ ಮೇಲೆ ಹೊರಗೆ ಬಂದು, "ಖತಂ. ನಮ್ಮ ಬೀಗರ ಬ್ಯಾಟ್ರಿ ಖತಂ. ಏನೂ ಕಾಣವಲ್ದು" ಎಂದರು. ತಟ್ಟೆ ತೆಗೆದು ನೋಡಿದರೆ ತೊಗರಿ ಕಡಲೆ ಎಲ್ಲ ಒಂದರಲ್ಲೊಂದು ಕಲಸಿಹೋಗಿದ್ದವು.

ಸರ್ ಒಳಗೆ ನುಗ್ಗಿ ಅದೇ ಬೆಳಕಿನಲ್ಲಿ ಚಕಚಕ ಆರಿಸಿ ತೋರಿಸಿದರು. ನಾನೂ ಆರಿಸಿದೆ, ಕಷ್ಟವಾಯಿತು, ಆದರೂ ಕಂಡಿತು. "ಜೀವ ಅದರಿ" ಎಂದೆ. "ನನಗ ಕಾಣವಲ್ದು ಅಂದ್ರ ಇಲ್ಲ" ಎಂದರು ಬೀಗರು. ಪಂಚಳೆಂಬ ಜಂಬದಲ್ಲಿದ್ದ ನಾನು, "ಹಂಗಾದ್ರ ನಿಮ್ಮ ಬ್ಯಾಟ್ರಿ ಕೆಳಗ ಆರಿಸಿ ತೋರಸ್ರಿ" ಎಂದೆ. ಅವರ ಬ್ಯಾಟರಿ ಮೊದಲ ದಿನದಂತೆಯೇ ಬೆಳಗುತ್ತಿತ್ತು. ಅವರು ಮತ್ತೆ ಬಗ್ಗಿದರು. ಹೊರಗೆ ಬಂದ ತಟ್ಟೆಯಲ್ಲಿ ಮತ್ತೆ ಅದೇ ಕಲಸುಮೇಲೋಗರ.

ಬೀಗರು ಚಿಮಟ ಕೆಳಗಿಡುವುದನ್ನೂ ಮರೆತು ನಿಂತಿದ್ದರು. ತೊಗರಿ ಬೆಳೆಯುವ ಸೀಮೆಯಲ್ಲಿ ಹುಟ್ಟಿ, ತೊಗರಿಬೇಳೆ ಉಂಡು ಬೆಳೆದ ಮನುಷ್ಯ ತೊಗರಿಯನ್ನು ಕಡಲೆ ಎಂದು ಎತ್ತಿಟ್ಟಿದ್ದರು. ಮಗ ಮುಂದೆ ಬಂದು, "ಅಪ್ಪ, ಏನಿದು? ಇಷ್ಟು ಬೆಳಕಿನ್ಯಾಗೂ ಕಾಣಂಗಿಲ್ಲೇನು ನಿನಗ?" ಎಂದ. ಸರ್ ಗೆದ್ದಾಗಿತ್ತು. ಬೀಗರ ಕಣ್ಣೇ ಹೋಗಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕು, ಕೂಸು ಕಮಲಾಬಾಯಿ.

ಸರ್ ಗಹಗಹಿಸಿ ನಕ್ಕರು. "ಹೆಂಗ ಕಾಣಬೇಕೋ ತಮ್ಮಾ? ಬ್ಯಾಳಿ ಬದಲಿ ಮಾಡಿದವ ನಾನು! ಕಡ್ಲಿಬ್ಯಾಳಿ ಒಡದು ಸಣ್ಣ ಮಾಡಿ ತೊಗರಿ ಗತೆ ಮಾಡಿ ಕಲಸೀನಿ. ಗುರ್ತು ನನಗೊಬ್ಬನಿಗೇ ಗೊತ್ತದ. ಬ್ರಹ್ಮ ಬಂದ್ರೂ ಆರಸ್ಲಿಕ್ಕಾಗಂಗಿಲ್ಲ" ಎನ್ನುತ್ತಲೇ ಎರಡೂ ತಟ್ಟೆ ಎತ್ತಿ ಕಿಟಕಿಯಿಂದಾಚೆ ಸುರಿದುಬಿಟ್ಟರು. "ಸಿಕ್ಕಿಬಿದ್ದೆ. ಮೋಸ ಮಾಡಿದವ ಸೋತಂಗೇ. ಹೆಸರು ಬೀಗರದು."

"ಮತ್ತ ಮೇಡಂ ಹ್ಯಾಂಗ ಆರಿಸಿದ್ರು?" ಎಂದ ಅಳಿಯ.

"ಅವರೂ ನಮ್ಮ ಪಾರ್ಟಿ. ಅವರಿಗಿ ಗುರ್ತು ಹೇಳಿಕೊಟ್ಟಿದ್ದೆ."

ನಾನು! ಡಬ್ಬಿಯಿಂದ ಬೇಳೆ ತಂದವಳು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಭಾನುವಾರದ ನಿದ್ದೆ ಕೆಡಿಸಿಕೊಂಡವಳು! ಬಾಯಿ ತೆರೆದೆ. ಸರ್ ನನ್ನನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ಆ ಕಣ್ಣುಗಳಲ್ಲಿ ತುಂಟತನ ಇಲ್ಲದ್ದನ್ನು ನಾನು ನೋಡಿದ್ದು ಆಗ ಮಾತ್ರ. ಬಾಯಿ ಮುಚ್ಚಿದೆ. ಎಲ್ಲರೂ ಅವರ ಮಾತನ್ನು ಒಂದೇ ಏಟಿಗೆ ನಂಬಿದರು, ಅವರ ಮೋಸವನ್ನು ನಂಬುವುದು ಯಾರಿಗೂ ಕಷ್ಟವಿರಲಿಲ್ಲ. "ನನಗ ಮೊದಲೇ ಡೌಟ್ ಇತ್ತು" ಎಂದರು ಡ್ರಾಯಿಂಗ್ ಮಾಸ್ತರರು. ಇಂದಿಗೂ ಶಹಾಬಾದಿನ ಆ ಓಣಿಯಲ್ಲಿ ನಾನು ಲಂಚ ತಿಂದ ಪಂಚಳೇ.

ಸರ್ ಸ್ಟೇಷನ್ನಿಗೆ ನನ್ನನ್ನು ಬಿಡಲು ಬಂದಾಗ ದಾರಿಯುದ್ದಕ್ಕೂ ಬೈದೆ. ಕೇಳಿಸಿಕೊಂಡರು. ಕಡೆಗೆ, "ಹೆಸರು ಹೋಯ್ತಲ್ಲ ಸರ್" ಎಂದೆ.

"ಹೋಯ್ತು" ಎಂದರು. ಟಿಕೆಟ್ ತಂದು ನನ್ನ ಕೈಗಿಟ್ಟು, "ಸಿಗ್ನಲ್ ಓದಿದ ಮನಷ್ಯಾ ಮೇಡಂ. ಮಗನ ಮುಂದ, ಮಂದಿ ಮುಂದ ಕುರುಡ ಅನಿಸಿಕೊಂಡ್ರ ಮ್ಯಾಲೇಳಂಗಿಲ್ಲ ಅವ. ನನಗ ಮೋಸಗಾರ ಅಂದ್ರ ಏನಾಗ್ತದ? ಮೊದಲೇ ಅಂತಿದ್ರು" ಎಂದರು. ಗಾಡಿ ಬರುವವರೆಗೆ ಕೀಚೈನಿನ ಒಂದು ಬ್ಯಾಟರಿಯನ್ನು ಒತ್ತುತ್ತ ಬಿಡುತ್ತ ನಿಂತರು.

ಆ ತಿಂಗಳ ಕೊನೆಗೆ ಬೀಗರಿಬ್ಬರೂ ಯಾರದೋ ಮದುವೆಗೆಂದು ಹೇಳಿ ಕಲಬುರಗಿಗೆ ಹೋದರು, ಬರುವಾಗ ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮದುವೆಮನೆಯಲ್ಲಿ ಕಣ್ಣುಬೇನೆ ಅಂಟಿತು ಎಂದು ಸರ್ ಎಲ್ಲರಿಗೂ ಹೇಳಿದರು. ಕಣ್ಣಿನ ಪೊರೆ ತೆಗೆಸಿದ್ದು ಬೀಗರಿಗೆ, ಸಂಶಯ ಬಾರದಿರಲೆಂದು ಕನ್ನಡಕ ಇಬ್ಬರಿಗೂ. ಕನ್ನಡಕದಲ್ಲೇ ಹಿಂದಿ ಪಾಠ ನಡೆಯಿತು. ಕಣ್ಣುಬೇನೆ ತಮಗೂ ಅಂಟೀತೆಂದು ಡ್ರಾಯಿಂಗ್ ಮಾಸ್ತರರು ದೂರದ ಕುರ್ಚಿಗೆ ಹೋದರು. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಬೀಗರ ಪಕ್ಕ ಕೂತು ಸರ್ ದಿನವಿಡೀ ಮಾತಾಡಿದ್ದರಂತೆ. ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, "ಹಳೇದು" ಎಂದಷ್ಟೇ ಹೇಳಿದರು.

ಕೂಸಿಗೆ ಐದು ತಿಂಗಳಾದಾಗ ಸರ್ ಅವರ ಮನೆಯಲ್ಲೇ ತೊಟ್ಟಿಲು ಕಟ್ಟಿದರು. ಶಹಾಬಾದಿನಿಂದ ಟೆಂಪೋ ತುಂಬ ಜನ ಬಂದರು. ನನ್ನನ್ನು ಕಂಡು ಕೆಲವು ಹೆಂಗಸರು ತಂತಮ್ಮಲ್ಲಿ ನಕ್ಕರು, ನಾನು ತಲೆ ಎತ್ತಿಯೇ ಕೂತೆ. ಸರ್ ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತ, "ಮಲ್ಕಮ್ಮ ಎದ್ದಾಳೇನು? ಮಲ್ಕಮ್ಮನ ತಲಿಗಿ ಕುಂಚಗಿ ಕಟ್ರಿ" ಎಂದು ಎಲ್ಲರಿಗಿಂತ ಮೊದಲೇ ಆ ಹೆಸರನ್ನು ಕೂಗುತ್ತಿದ್ದರು. ನಾಲಿಗೆಗೆ ರೂಢಿ ಮಾಡಿಸುತ್ತಿದ್ದರೋ ಏನೋ. ನೋಡಲು ನನಗೆ ಕಷ್ಟವಾಯಿತು.

ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಬೀಗರ ಮಗಳು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಅವಳು ತೊಟ್ಟಿಲಿಗೆ ಬಗ್ಗಿ "ಕುರ್ರ್ರ್" ಎಂದಳು, ಏನೋ ಪಿಸುಗುಟ್ಟಿದಳು. ದಬದಬ ಗುದ್ದುಗಳು ಬಿದ್ದವು. "ಅಯ್ಯಯ್ಯೋ, ಸಾಕು ಬಿಡ್ರೆವ್ವಾ" ಎಂದು ತಪ್ಪಿಸಿಕೊಂಡು ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡು ಹೇಳಿದಳು, "ಕಮಲಾಬಾಯಿ."

ಸರ್ ಗುಗ್ಗರಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಯವ್ವಾ, ನನಗ ಆಟ ಹಚ್ಚಬ್ಯಾಡ್ರಿ" ಎಂದರು.

ಬೀಗರು ಕುರ್ಚಿಯಿಂದ ಎದ್ದರು. "ಆಟ ಅಲ್ರಿ, ಇದು ಶಿಕ್ಷಾ. ಪಂದ್ಯದಾಗ ಮೋಸ ಮಾಡೀರಿ, ಸುಮ್ಮ ಬಿಡ್ಲಿಕ್ಕ ಬರ್ತದೇನು? ಇನ್ನ ಮ್ಯಾಲ 'ಕೇಳಿದೇನ ಗೀಳಿದೇನ' ನಡಿಯಂಗಿಲ್ಲ. ದಿನಾ ಆ ಹೆಸರು ಹಿಡದೇ ಕರೀಬೇಕು. ಈಗೇ ಕರೀರಿ, ಎಲ್ಲಾರೂ ಕೇಳಲಿ."

ಸರ್ ಬುಟ್ಟಿಯನ್ನು ಯಾರ ಕೈಗೋ ಕೊಟ್ಟು ತೊಟ್ಟಿಲ ಹತ್ತಿರ ಬಂದರು. ಮಾತಿನ ಮಲ್ಲ ಆ ಒಂದು ಹೆಸರಿಗೆ ತಡವರಿಸುತ್ತ ನಿಂತಿದ್ದರು. ಆಮೇಲೆ ಮೆಲ್ಲಗೆ, "ಕಮಲಾಬಾಯಿ" ಎಂದರು. ಇನ್ನೊಮ್ಮೆ ಅಂದರು, ಸ್ವಲ್ಪ ಜೋರಾಗಿ. ಮೂರನೆಯ ಸಲಕ್ಕೆ ಕಣ್ಣಲ್ಲಿ ಬಳಬಳ ನೀರು ಸುರಿಸುತ್ತ, ಹೊಲದ ಆ ಬದುವಿನಲ್ಲಿ ಇರುವವರನ್ನು ಕೂಗುವ ಹಾಗೆ, "ಕಮಲಾಬಾಯೀ! ಏ ಕಮಲಾಬಾಯೀ!" ಎಂದು ಮಾಡು ಹಾರುವಂತೆ ಕರೆದರು. ಕೂಸು ಬೆಚ್ಚಿ, ತುಟಿ ಮುರಿದು, ಕಿರೋ ಎಂದು ಅಳತೊಡಗಿತು.

"ಅಪ್ಪಾ, ಸಾವಕಾಶ, ಕೂಸು ಅಂಜ್ಲಿಕತ್ತದ" ಎಂದು ಮಗಳು ಓಡಿ ಬಂದಳು.

"ಅಂಜಿಲ್ಲ ಬಿಡವ್ವಾ" ಎಂದರು ಸರ್. "ಕರದೆ, ಓ ಅನ್ಲಿಕತ್ತಾಳ."